ಒಮ್ಮೆ ಸುಟ್ಟರೆ ಮುಗಿಯಿತು: ಚಿಪ್‌ನೊಳಗಿನ ಫ್ಯೂಸ್ ಮತ್ತು ಬೀಗದ ಇತಿಹಾಸ



2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್ ವಿದ್ಯುನ್ಮಾನ ಮತಯಂತ್ರಗಳ ಬಗ್ಗೆ ನೀಡಿದ ತೀರ್ಪಿನಲ್ಲಿ ಒಂದು ವಿಚಿತ್ರವಾದ ಮಾತಿದೆ: 'ಬರ್ನ್ಟ್ ಮೆಮೊರಿ'. ಕನ್ನಡದಲ್ಲಿ ಹೇಳುವುದಾದರೆ 'ಸುಟ್ಟ ಸ್ಮೃತಿ'. ಪತ್ರಿಕೆಯಲ್ಲಿ ಇದನ್ನು ಓದಿದವರು ಯಂತ್ರವೇ ಸುಟ್ಟುಹೋಗಿರಬೇಕು ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಸುಡುವುದು ಎಂದರೆ ಹಾಳು ಮಾಡುವುದಲ್ಲ, ಬರೆಯುವುದು. ಅದೂ ಎಂತಹ ಬರವಣಿಗೆ? ಒಮ್ಮೆ ಬರೆದ ಮೇಲೆ ಬರೆದವನೂ ಅಳಿಸಲಾಗದ ಬರವಣಿಗೆ. ಈ ಮಾತು ಎಲ್ಲಿಂದ ಬಂತು, ನಮ್ಮ ಮತಗಟ್ಟೆಯವರೆಗೆ ಹೇಗೆ ತಲುಪಿತು ಎಂಬುದು ಸುಮಾರು ಎಪ್ಪತ್ತು ವರ್ಷಗಳ ಕಥೆ. ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ಓದುತ್ತಿರುವ ವಿದ್ಯಾರ್ಥಿ ಮಿತ್ರರಿಗೆ ಇದು ಪಾಠದ ವಿಷಯ. ಮತ ಹಾಕುವ ನಮಗೆಲ್ಲರಿಗೂ ಇದು ನಾಗರಿಕತ್ವದ ವಿಷಯ.

ಮೊದಲು ಫ್ಯೂಸ್ ಎಂದರೇನು ನೋಡೋಣ. ಹಳೆಯ ಮನೆಗಳಲ್ಲಿ ಮೀಟರ್ ಬೋರ್ಡಿನ ಪಕ್ಕದಲ್ಲಿ ಬಿಳಿ ಪಿಂಗಾಣಿಯ ಫ್ಯೂಸ್ ಇರುವುದನ್ನು ನೀವು ನೋಡಿರಬಹುದು. ಅದರೊಳಗೆ ಒಂದು ತೆಳು ತಂತಿ. ವಿದ್ಯುತ್ ಮಿತಿಮೀರಿ ಹರಿದರೆ ಆ ತಂತಿ ಕರಗಿ ತುಂಡಾಗುತ್ತದೆ, ಮನೆ ಕತ್ತಲಾಗುತ್ತದೆ, ಮನೆಯ ಸಾಮಾನು ಉಳಿಯುತ್ತದೆ. ಹೊಸ ತಂತಿ ಸುತ್ತಿದರೆ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ಚಿಪ್‌ನೊಳಗಿನ ಫ್ಯೂಸ್ ಕೂಡ ಇದೇ ಜಾತಿಯದು. ವ್ಯತ್ಯಾಸ ಎರಡು ಮಾತ್ರ. ಅಲ್ಲಿ ಫ್ಯೂಸ್ ಅಕಸ್ಮಾತ್ ಹೋಗುವುದಿಲ್ಲ, ಬೇಕೆಂದೇ ಸುಡುತ್ತಾರೆ. ಮತ್ತು ಹೊಸ ತಂತಿ ಸುತ್ತಲು ಅಲ್ಲಿ ಜಾಗವಿಲ್ಲ.

ಈ ಉಪಾಯ ಹುಟ್ಟಿದ್ದು ಶಾಂತಿಯ ಕೆಲಸಕ್ಕಲ್ಲ. 1956ರಲ್ಲಿ ಅಮೆರಿಕದ ವಾಯುಪಡೆಗೆ ಒಂದು ಸಮಸ್ಯೆ ಎದುರಾಗಿತ್ತು. ಅಟ್ಲಾಸ್ ಎಂಬ ಖಂಡಾಂತರ ಕ್ಷಿಪಣಿಯ ಇ ಮತ್ತು ಎಫ್ ಮಾದರಿಗಳಲ್ಲಿ ಕ್ಷಿಪಣಿಯ ಒಳಗೇ ಒಂದು ಗಣಕಯಂತ್ರ ಇರಬೇಕಾಗಿತ್ತು. ಯಾವ ಗುರಿಗೆ ಹಾರಬೇಕು ಎಂಬುದನ್ನು ನಿರ್ಧರಿಸುವ ಅಂಕಿಗಳನ್ನು ಅದರಲ್ಲಿ ತುಂಬಬೇಕು. ಆ ಅಂಕಿಗಳು ಪ್ರತಿ ಕ್ಷಿಪಣಿಗೂ ಬೇರೆ ಬೇರೆ. ಆದ್ದರಿಂದ ಕಾರ್ಖಾನೆಯಲ್ಲೇ ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಹಾಕುವಂತಿಲ್ಲ. ಹಾಗೆಂದು ಕಂಪನಕ್ಕೋ ವಿದ್ಯುತ್ ಏರಿಳಿತಕ್ಕೋ ಅಳಿಸಿಹೋಗುವಂತೆಯೂ ಇರಬಾರದು. ನ್ಯೂಯಾರ್ಕ್ ರಾಜ್ಯದ ಗಾರ್ಡನ್ ಸಿಟಿಯಲ್ಲಿದ್ದ ಅಮೆರಿಕನ್ ಬಾಷ್ ಆರ್ಮಾ ಸಂಸ್ಥೆಯ ವೆನ್ ತ್ಸಿಂಗ್ ಚೌ ಎಂಬ ಎಂಜಿನಿಯರ್ ಇದಕ್ಕೆ ಪರಿಹಾರ ಕಂಡುಕೊಂಡರು. ಅವರು ಚೀನಾ ಮೂಲದವರು.

ಅವರ ಪರಿಹಾರವನ್ನು ಚಾಪೆಯ ನೇಯ್ಗೆಗೆ ಹೋಲಿಸಬಹುದು. ಅಡ್ಡಕ್ಕೆ ಕೆಲವು ತಂತಿಗಳು, ಉದ್ದಕ್ಕೆ ಕೆಲವು ತಂತಿಗಳು. ಅವು ಸಂಧಿಸುವ ಪ್ರತಿ ಜಾಗದಲ್ಲೂ ಒಂದು ಡಯೋಡ್. ಡಯೋಡ್ ಇದ್ದಲ್ಲಿ ಒಂದು ಅಂಕಿ, ಇಲ್ಲದಲ್ಲಿ ಇನ್ನೊಂದು ಅಂಕಿ ಎಂದು ಇಟ್ಟುಕೊಳ್ಳಿ. ಕಾರ್ಖಾನೆಯಿಂದ ಬರುವಾಗ ಎಲ್ಲ ಸಂಧಿಗಳಲ್ಲೂ ಡಯೋಡ್ ಇರುತ್ತದೆ, ಅಂದರೆ ಅದು ಖಾಲಿ ಹಾಳೆ. ಬೇಡವಾದ ಸಂಧಿಗೆ ಅತಿಯಾದ ವಿದ್ಯುತ್ ಹರಿಸಿದರೆ ಡಯೋಡಿನ ಒಳಗಿನ ಕೂದಲಿನಷ್ಟು ತೆಳುವಾದ ತಂತಿ ಸುಟ್ಟುಹೋಗುತ್ತದೆ. ಉಳಿದ ವಿನ್ಯಾಸವೇ ಬರಹ. ಮೂಲ ಪೇಟೆಂಟಿನಲ್ಲೇ 'ಸುಡು' ಎಂಬ ಶಬ್ದ ಬಳಕೆಯಾಗಿತ್ತು. ಇಂದಿಗೂ ಎಂಜಿನಿಯರುಗಳು "ಪ್ರೋಗ್ರಾಂ ಬರ್ನ್ ಮಾಡಿದೆ" ಎನ್ನುವುದು ಅಲ್ಲಿಂದ ಬಂದ ರೂಢಿ. ಅಟ್ಲಾಸ್ ಕ್ಷಿಪಣಿ ಬಳಕೆಯಲ್ಲಿದ್ದ ಕಾಲದಲ್ಲಿ ಈ ಪೇಟೆಂಟನ್ನು ಹಲವು ವರ್ಷ ಸರ್ಕಾರ ಗುಟ್ಟಾಗಿಯೇ ಇಟ್ಟಿತ್ತು. ಬೀಗದ ಕಥೆಯ ಮೊದಲ ಅಧ್ಯಾಯವೇ ಬೀಗದೊಳಗಿತ್ತು ಎನ್ನಬಹುದು.

ಮಾರುಕಟ್ಟೆಗೆ ಇಂತಹ ಚಿಪ್‌ಗಳು ಬಂದದ್ದು 1970ರ ಸುಮಾರಿಗೆ. ಹ್ಯಾರಿಸ್ ಸಂಸ್ಥೆಯ ಮೊದಲ ಚಿಪ್‌ನಲ್ಲಿ ಇದ್ದದ್ದು 512 ಬಿಟ್ ಮಾತ್ರ, ಅಂದರೆ 64 ಅಕ್ಷರ ಹಿಡಿಸುವಷ್ಟು ಜಾಗ. ಅದರ ಫ್ಯೂಸ್‌ಗಳು ನಿಕ್ರೋಮ್ ಎಂಬ ಮಿಶ್ರಲೋಹದವು. ಇಸ್ತ್ರಿಪೆಟ್ಟಿಗೆಯ ಒಳಗೆ ಕೆಂಪಗೆ ಕಾಯುವ ಸುರುಳಿ ತಂತಿಯೂ ಇದೇ ಲೋಹ. ಆದರೆ ಒಂದು ತೊಂದರೆ ಕಾಣಿಸಿಕೊಂಡಿತು. ಸರಿಯಾಗಿ ಸುಡದ ಕೆಲವು ಫ್ಯೂಸ್‌ಗಳು ಸ್ವಲ್ಪ ಕಾಲದ ನಂತರ ತಾವಾಗಿಯೇ ಮತ್ತೆ ಕೂಡಿಕೊಳ್ಳುತ್ತಿದ್ದವು! ಶಾಶ್ವತ ಎಂದು ನಂಬಿದ ಬರಹ ತಿಂಗಳುಗಳಲ್ಲೇ ತಿದ್ದಿಹೋಗುತ್ತಿತ್ತು. ತಯಾರಕರು ಪಾಲಿಸಿಲಿಕಾನ್, ಟೈಟಾನಿಯಂ-ಟಂಗ್‌ಸ್ಟನ್ ಮೊದಲಾದ ಬೇರೆ ವಸ್ತುಗಳಿಗೆ ಹೋದದ್ದಕ್ಕೆ ಇದೂ ಒಂದು ಕಾರಣ. 'ಎಂದೆಂದಿಗೂ ಬದಲಾಗದು' ಎಂಬ ಮಾತನ್ನು ಕೇಳಿದಾಗ ಈ ನಿಕ್ರೋಮ್ ಫ್ಯೂಸನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

1971ರಲ್ಲಿ ಇಂಟೆಲ್ ಸಂಸ್ಥೆಯ ಡೊವ್ ಫ್ರೋಮನ್ ಬೇರೊಂದು ದಾರಿ ತೋರಿಸಿದರು. ಅವರ 1702 ಎಂಬ ಚಿಪ್‌ನಲ್ಲಿ ಏನನ್ನೂ ಸುಡುವುದಿಲ್ಲ. ಸುತ್ತಲೂ ನಿರೋಧಕ ಪದರವಿರುವ ಪುಟ್ಟ ಕೋಶದಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕುತ್ತಾರೆ. ಚಿಪ್‌ನ ಮೇಲ್ಭಾಗದಲ್ಲಿ ಸ್ಫಟಿಕದ ಕಿಟಕಿಯೊಂದಿರುತ್ತದೆ. ಅದರ ಮೂಲಕ ನೇರಳಾತೀತ ಬೆಳಕು ಬಿಟ್ಟರೆ ಕೂಡಿಹಾಕಿದ ಎಲೆಕ್ಟ್ರಾನುಗಳು ಹೊರಬಿದ್ದು ಎಲ್ಲವೂ ಅಳಿಸಿಹೋಗುತ್ತದೆ, ಚಿಪ್ ಮತ್ತೆ ಖಾಲಿ. ಆದರೆ ಈ ಕಿಟಕಿ ದುಬಾರಿ. ಆದ್ದರಿಂದ ತಯಾರಕರು ಅದೇ ಚಿಪ್ಪನ್ನು ಕಿಟಕಿಯಿಲ್ಲದ ಅಗ್ಗದ ಪ್ಲಾಸ್ಟಿಕ್ ಕವಚದಲ್ಲಿ ಮಾರತೊಡಗಿದರು. ಬೆಳಕು ಒಳಗೆ ಹೋಗದಿದ್ದ ಮೇಲೆ ಅಳಿಸುವುದು ಹೇಗೆ? ಅದಕ್ಕೆ 'ಒಮ್ಮೆ ಮಾತ್ರ ಬರೆಯಬಹುದಾದ' ಚಿಪ್ ಎಂದು ಹೆಸರಿಟ್ಟರು. ಇಂಗ್ಲಿಷಿನ ಸಂಕ್ಷೇಪದಲ್ಲಿ ಓಟಿಪಿ. ಅಂದ ಹಾಗೆ, ಬ್ಯಾಂಕಿನಿಂದ ಮೊಬೈಲಿಗೆ ಬರುವ ಓಟಿಪಿ ಬೇರೆ, ಈ ಓಟಿಪಿ ಬೇರೆ. ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಫ್ಯೂಸ್ ಸುಟ್ಟ ಓಟಿಪಿಯಲ್ಲಿ ವಸ್ತುವೇ ತುಂಡಾಗಿರುತ್ತದೆ. ಕಿಟಕಿಯಿಲ್ಲದ ಓಟಿಪಿಯಲ್ಲಿ ಬದಲಾವಣೆಯ ದಾರಿ ಮಾತ್ರ ಮುಚ್ಚಿರುತ್ತದೆ. ಎರಡಕ್ಕೂ ಹೆಸರು ಒಂದೇ.

ಇಷ್ಟು ಬರವಣಿಗೆಯ ಮಾತಾಯಿತು. ಇನ್ನು ಬೀಗದ ಮಾತು.

ಸಂಸ್ಕಾರಕ, ಸ್ಮೃತಿ ಎರಡೂ ಒಂದೇ ಚಿಪ್‌ನಲ್ಲಿರುವ ಮೈಕ್ರೋಕಂಟ್ರೋಲರ್‌ಗಳು ಬಂದ ಮೇಲೆ ಹೊಸ ಚಿಂತೆ ಶುರುವಾಯಿತು. ನಾನು ವರ್ಷಗಟ್ಟಲೆ ಕುಳಿತು ಬರೆದ ಪ್ರೋಗ್ರಾಮನ್ನು ಯಾರೋ ಒಬ್ಬ ಪ್ರೋಗ್ರಾಮರ್ ಯಂತ್ರಕ್ಕೆ ಸಿಕ್ಕಿಸಿ ಓದಿ, ನಕಲು ಮಾಡಿ ಮಾರಿದರೆ? ಇದಕ್ಕಾಗಿ ಚಿಪ್ ತಯಾರಕರು 'ಲಾಕ್ ಬಿಟ್' ಎಂಬ ಬೀಗ ಇಟ್ಟರು. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ತಲೆಮಾರುಗಟ್ಟಲೆ ವಿದ್ಯಾರ್ಥಿಗಳು ಕೈಯಾಡಿಸಿದ, 8051 ಕುಟುಂಬಕ್ಕೆ ಸೇರಿದ ಎಟಿ89ಸಿ51 ಚಿಪ್ಪನ್ನೇ ತೆಗೆದುಕೊಳ್ಳಿ. ಅದರಲ್ಲಿ ಮೂರು ಲಾಕ್ ಬಿಟ್‌ಗಳಿವೆ. ಮೊದಲನೆಯದನ್ನು ಹಾಕಿದರೆ ಹೊಸದಾಗಿ ಬರೆಯುವುದು ನಿಲ್ಲುತ್ತದೆ. ಎರಡನೆಯದನ್ನೂ ಹಾಕಿದರೆ ಬರೆದದ್ದನ್ನು ಹೊರಗಿನಿಂದ ಓದಿ ತಾಳೆ ನೋಡುವುದೂ ನಿಲ್ಲುತ್ತದೆ. ಮೂರನೆಯದು ಹೊರಗಿನ ಸ್ಮೃತಿಯಿಂದ ಪ್ರೋಗ್ರಾಂ ನಡೆಸುವುದನ್ನು ತಡೆಯುತ್ತದೆ.

ಈ ಮೊದಲ ಎರಡು ಬೀಗಗಳ ವ್ಯತ್ಯಾಸವನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು, ಬರೆಯದಂತೆ ಬೀಗ. ಇನ್ನೊಂದು, ಓದದಂತೆ ಬೀಗ. ದಸ್ತಾವೇಜನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಒಂದು ಬಗೆ. ಕಬ್ಬಿಣದ ತಿಜೋರಿಯಲ್ಲಿಟ್ಟು ಬೀಗ ಹಾಕುವುದು ಇನ್ನೊಂದು ಬಗೆ. ಎರಡರಲ್ಲೂ ತಿದ್ದಲಾಗದು. ಆದರೆ ಮೊದಲನೆಯದರಲ್ಲಿ ಏನು ಬರೆದಿದೆ ಎಂದು ದಾರಿಹೋಕನೂ ಓದಬಹುದು. ಈ ವಿಷಯದ ಮೇಲಿನ ಸಾರ್ವಜನಿಕ ಚರ್ಚೆಗಳಲ್ಲಿ ಗೊಂದಲ ಹುಟ್ಟುವುದು ಬಹುಪಾಲು ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಎಂಬುದು ನನ್ನ ಅಭಿಪ್ರಾಯ.

ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ಆಲ್ಫ್-ಎಗಿಲ್ ಬೊಗೆನ್ ಮತ್ತು ವೆಗಾರ್ಡ್ ವೊಲ್ಲಾನ್ ಎಂಬ ಇಬ್ಬರು ವಿದ್ಯಾರ್ಥಿಗಳು ರೂಪಿಸಿದ ಎವಿಆರ್ ಚಿಪ್‌ಗಳು 1990ರ ದಶಕದ ಕೊನೆಯಲ್ಲಿ ಬಂದವು. ಇಂದು ಪ್ರಾಜೆಕ್ಟ್‌ಗಳಲ್ಲಿ ಬಳಸುವ ಹಲವು ಆರ್ಡುಯಿನೊ ಬೋರ್ಡುಗಳ ಹೃದಯ ಈ ಚಿಪ್ಪೇ. ಇದರಲ್ಲಿ 'ಫ್ಯೂಸ್ ಬಿಟ್' ಎಂಬುವು ಇವೆ. ಚಿಪ್‌ನ ಗಡಿಯಾರ ಯಾವುದು, ಯಾವ ಕಾಲಿನಿಂದ ಪ್ರೋಗ್ರಾಂ ತುಂಬಬಹುದು ಮುಂತಾದವನ್ನು ಇವು ನಿರ್ಧರಿಸುತ್ತವೆ. ಹೆಸರು ಫ್ಯೂಸ್ ಆದರೂ ಇವು ಸುಡುವುದಿಲ್ಲ, ಮತ್ತೆ ಬರೆಯಬಹುದು. ಹಳೆಯ ಹೆಸರು ಉಳಿದುಕೊಂಡಿದೆ, ಅಷ್ಟೇ. ಆ ಹೆಸರಿನೊಂದಿಗೆ ಒಂದು ಹಳೆಯ ರೂಢಿಯೂ ಉಳಿದಿದೆ: ಇಲ್ಲಿ ಸೊನ್ನೆ ಎಂದರೆ 'ಹಾಕಲಾಗಿದೆ', ಒಂದು ಎಂದರೆ 'ಹಾಕಿಲ್ಲ'. ಸಾಮಾನ್ಯ ಬುದ್ಧಿಗೆ ಇದು ತಿರುಗುಮುರುಗು. ವಿದ್ಯಾರ್ಥಿಗಳು ಇಲ್ಲೇ ಎಡವುತ್ತಾರೆ. ಹೊರಗಿನ ಗಡಿಯಾರ ಬೇಕೆಂದು ಬರೆದು, ಬೋರ್ಡಿನಲ್ಲಿ ಆ ಗಡಿಯಾರವೇ ಇಲ್ಲದಿದ್ದರೆ ಚಿಪ್ ಮೂಕವಾಗುತ್ತದೆ. ಸತ್ತಿತೆಂದು ಎಸೆಯುವ ಮುನ್ನ ಹೊರಗಿನಿಂದ ಗಡಿಯಾರದ ಸಂಕೇತ ಕೊಟ್ಟು ನೋಡಿ, ಸಾಮಾನ್ಯವಾಗಿ ಏಳುತ್ತದೆ. ರೀಸೆಟ್ ಕಾಲನ್ನೇ ಬೇರೆ ಕೆಲಸಕ್ಕೆ ಬಿಟ್ಟುಕೊಟ್ಟಿದ್ದರೆ ಮಾತ್ರ 12 ವೋಲ್ಟ್ ಕೊಟ್ಟು ಎಬ್ಬಿಸುವ ಬೇರೆ ಬಗೆಯ ಪ್ರೋಗ್ರಾಮರ್ ಬೇಕು. ಕೆಲಸದ ಕ್ರಮವಂತೂ ಹೀಗಿರಲಿ: ಮೊದಲು ಫ್ಯೂಸ್‌ಗಳನ್ನು ಓದಿ ಕಾಗದದಲ್ಲಿ ಬರೆದುಕೊಳ್ಳಿ, ಪ್ರೋಗ್ರಾಂ ತುಂಬಿ ತಾಳೆ ನೋಡಿ, ಲಾಕ್ ಬಿಟ್ ಎಲ್ಲಕ್ಕಿಂತ ಕೊನೆಗೆ. ಬೀಗ ಹಾಕಿದ ಮೇಲೆ ತಾಳೆ ನೋಡಲು ಬರುವುದಿಲ್ಲ.

ಈ ಬೀಗವನ್ನು ತೆಗೆಯುವ ದಾರಿ ಒಂದೇ, ಇಡೀ ಚಿಪ್ಪನ್ನು ಅಳಿಸುವುದು. ಅದರಲ್ಲೂ ಒಂದು ಜಾಣತನವಿದೆ. ಪ್ರೋಗ್ರಾಂ ಸಂಪೂರ್ಣ ಅಳಿಸಿದ ಮೇಲೆಯೇ ಬೀಗ ತೆರೆಯುತ್ತದೆ. ಕಳ್ಳ ಬಾಗಿಲು ಒಡೆದು ಒಳಗೆ ಹೋಗುವ ಹೊತ್ತಿಗೆ ಮನೆ ಖಾಲಿ.

ಹಾಗಾದರೆ ಬೀಗ ಭದ್ರವೇ? ಇದನ್ನು ಪರೀಕ್ಷಿಸುವುದನ್ನೇ ವೃತ್ತಿ ಮಾಡಿಕೊಂಡವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿದ್ದರು. 1996ರಲ್ಲಿ ರಾಸ್ ಆಂಡರ್ಸನ್ ಮತ್ತು ಮಾರ್ಕಸ್ ಕುನ್ ಪ್ರಕಟಿಸಿದ ಪ್ರಬಂಧದಲ್ಲಿ ಹಲವು ಬೀಗಗಳ ಬಣ್ಣ ಬಯಲಾಯಿತು. ಕೆಲವು ಚಿಪ್‌ಗಳಲ್ಲಿ ಬೀಗದ ಕೋಶ ಉಳಿದ ಸ್ಮೃತಿಯಿಂದ ದೂರದಲ್ಲಿತ್ತು. ಹಾಗಾಗಿ ಕವಚ ತೆಗೆದು ಅದೊಂದಕ್ಕೇ ನೇರಳಾತೀತ ಬೆಳಕು ಬೀರಿದರೆ ಬೀಗ ಅಳಿಸಿ ಪ್ರೋಗ್ರಾಂ ಉಳಿಯುತ್ತಿತ್ತು. ಇನ್ನೊಂದು ಚಿಪ್‌ನಲ್ಲಿ ವೋಲ್ಟೇಜನ್ನು ಒಂದು ಹದಕ್ಕೆ ಏರಿಸಿದರೆ ಸಾಕಾಗುತ್ತಿತ್ತು. 2002ರಲ್ಲಿ ಸೆರ್ಗೆಯ್ ಸ್ಕೋರೊಬೊಗಾಟೊವ್ ಮತ್ತು ಆಂಡರ್ಸನ್ ಸೇರಿ, ಫೋಟೊ ತೆಗೆಯುವ ಸಾಧಾರಣ ಫ್ಲಾಶ್ ದೀಪದ ಬೆಳಕನ್ನು ಸೂಕ್ಷ್ಮದರ್ಶಕದ ಮೂಲಕ ಹಾಯಿಸಿ ಚಿಪ್‌ನೊಳಗಿನ ಬಿಟ್‌ಗಳನ್ನು ಬದಲಿಸಿ ತೋರಿಸಿದರು. ಇದನ್ನೆಲ್ಲ ಮಾಡಲು ಚಿಪ್ ಕೈಗೆ ಸಿಗಬೇಕು, ಸಮಯ ಬೇಕು, ಜ್ಞಾನ ಬೇಕು. ಬೀಗ ಅಸಾಧ್ಯವನ್ನು ಕೊಡುವುದಿಲ್ಲ, ಕಷ್ಟವನ್ನು ಮಾತ್ರ ಕೊಡುತ್ತದೆ.

ನಿಜವಾಗಿ ತುಂಡಾಗುವ ಫ್ಯೂಸ್ ಇಪ್ಪತ್ತೊಂದನೆಯ ಶತಮಾನದಲ್ಲಿ ಮತ್ತೆ ಬಂತು. 2004ರಲ್ಲಿ ಐಬಿಎಂ ಸಂಸ್ಥೆ ಇ-ಫ್ಯೂಸ್ ಎಂಬ ತಂತ್ರವನ್ನು ಪ್ರಕಟಿಸಿತು. ಈಗ ಅನೇಕ ಮೊಬೈಲ್ ಫೋನುಗಳಲ್ಲೂ ಆಟದ ಯಂತ್ರಗಳಲ್ಲೂ ಇಂತಹ ಫ್ಯೂಸ್‌ಗಳಿವೆ. 2017ರ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರದಲ್ಲಿ ಮುಖ್ಯವಾದ ಹೊಸ ಆವೃತ್ತಿಯ ತಂತ್ರಾಂಶ ಬಂದಾಗ ಒಂದು ಫ್ಯೂಸ್ ಸುಡುತ್ತದೆ. ಹಳೆಯ ಆವೃತ್ತಿಗೆ ಹಿಂತಿರುಗಲು ಹೋದರೆ ಯಂತ್ರ ಸುಟ್ಟ ಫ್ಯೂಸ್‌ಗಳನ್ನು ಎಣಿಸಿ, ಲೆಕ್ಕ ಹೆಚ್ಚಾಗಿದೆ ಎಂದು ಏಳುವುದೇ ಇಲ್ಲ. ಇಷ್ಟು ಭದ್ರ ಮಾಡಿದ ಅದೇ ಯಂತ್ರದ ಆರಂಭಿಕ ಪ್ರೋಗ್ರಾಮಿನಲ್ಲೇ ಒಂದು ದೋಷವಿರುವುದು 2018ರಲ್ಲಿ ಬಯಲಾಯಿತು. ಆ ಪ್ರೋಗ್ರಾಂ ಚಿಪ್‌ನಲ್ಲಿ ಶಾಶ್ವತವಾಗಿ ಅಚ್ಚಾಗಿತ್ತು. ಆಗಲೇ ಮಾರಾಟವಾಗಿದ್ದ ಯಂತ್ರಗಳಲ್ಲಿ ಅದನ್ನು ಸರಿಪಡಿಸುವ ದಾರಿ ಇರಲಿಲ್ಲ. ತಿದ್ದಲಾಗದ ಬರಹದಲ್ಲಿ ಸರಿಯೂ ಉಳಿಯುತ್ತದೆ, ತಪ್ಪೂ ಉಳಿಯುತ್ತದೆ.

ಈಗ ನಮ್ಮ ಮತಯಂತ್ರಕ್ಕೆ ಬರೋಣ. ಇದನ್ನು ತಯಾರಿಸುವ ಎರಡು ಸಾರ್ವಜನಿಕ ಉದ್ದಿಮೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್; ಇನ್ನೊಂದು ಹೈದರಾಬಾದಿನ ಇಸಿಐಎಲ್. ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಬರುವುದೂ ನಮ್ಮ ಮೈಸೂರಿನಿಂದಲೇ. ಅದೂ ಒಂದು ಬಗೆಯ ಲಾಕ್ ಬಿಟ್ ತಾನೆ? ಒಂದು ಚುನಾವಣೆಗೆ ಒಂದೇ ಬಾರಿ, ಆದರೆ ಎಲ್ಲರಿಗೂ ಕಾಣುವಂತೆ.

ಮತಯಂತ್ರ ಮೊದಲ ಬಾರಿಗೆ ಬಳಕೆಯಾದದ್ದು 1982ರ ಮೇ ತಿಂಗಳಲ್ಲಿ, ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಸೋತ ಅಭ್ಯರ್ಥಿ ನ್ಯಾಯಾಲಯಕ್ಕೆ ಹೋದರು. ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಆ 50 ಮತಗಟ್ಟೆಗಳಲ್ಲಿ ಮತಪತ್ರದ ಮೂಲಕ ಮರುಮತದಾನ ನಡೆಯಿತು, ಫಲಿತಾಂಶವೂ ಬದಲಾಯಿತು. ಕಾಯ್ದೆಗೆ ತಿದ್ದುಪಡಿಯಾಗಿ 1989ರಲ್ಲಿ ಯಂತ್ರಕ್ಕೆ ಮಾನ್ಯತೆ ದೊರೆಯಿತು. 2004ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ 543 ಕ್ಷೇತ್ರಗಳಲ್ಲೂ ಯಂತ್ರವೇ ಇತ್ತು.

ಇದರೊಳಗಿನ ಪ್ರೋಗ್ರಾಂ ಒಮ್ಮೆ ಮಾತ್ರ ಬರೆಯಬಹುದಾದದ್ದು, ಅದನ್ನು ತಿದ್ದಲಾಗದು ಎಂಬುದು ಚುನಾವಣಾ ಆಯೋಗದ ಮುಖ್ಯ ವಾದಗಳಲ್ಲಿ ಒಂದು. ಇದು ಬಲವಾದ ವಾದವೇ. ಲಕ್ಷಾಂತರ ಯಂತ್ರಗಳು ದೇಶದ ಮೂಲೆ ಮೂಲೆಯ ಗೋದಾಮುಗಳಲ್ಲಿ ಇರುವಾಗ, ಯಾರೋ ರಾತ್ರೋರಾತ್ರಿ ಹೊಸ ಪ್ರೋಗ್ರಾಂ ತುಂಬುವಂತಿಲ್ಲ ಎಂಬುದು ಸಣ್ಣ ರಕ್ಷಣೆಯಲ್ಲ. ಆದರೆ 2010ರಲ್ಲಿ ಹೈದರಾಬಾದಿನ ಹರಿ ಪ್ರಸಾದ್, ಅಮೆರಿಕದ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ನೆದರ್ಲೆಂಡ್ಸ್‌ನ ರಾಪ್ ಗೊಂಗ್ರೈಪ್ ತಮ್ಮ ಕೈಗೆ ಬಂದ ಒಂದು ಯಂತ್ರವನ್ನು ಬಿಚ್ಚಿ ನೋಡಿ ಪ್ರಬಂಧ ಬರೆದರು. ಅವರು ಆ ಚಿಪ್ಪನ್ನು ಮುಟ್ಟಲೇ ಇಲ್ಲ! ಫಲಿತಾಂಶ ತೋರಿಸುವ ಫಲಕವನ್ನು ಅದರಂತೆಯೇ ಕಾಣುವ ಬೇರೆ ಫಲಕದಿಂದ ಬದಲಿಸಿದರು. ಮತಗಳು ದಾಖಲಾಗುವ ಸ್ಮೃತಿ ಬೇರೆ ಚಿಪ್‌ಗಳಲ್ಲಿದ್ದು, ಅವು ಮತ್ತೆ ಬರೆಯಬಹುದಾದವು. ಪುಟ್ಟ ಉಪಕರಣವೊಂದನ್ನು ಸಿಕ್ಕಿಸಿ ಅದನ್ನೂ ಬದಲಿಸಿ ತೋರಿಸಿದರು. ನಿಜವಾದ ಚುನಾವಣೆಯಲ್ಲಿ ಮೊಹರು, ಕಾವಲು, ಪಕ್ಷಗಳ ಏಜೆಂಟರ ಕಣ್ಣು ಇರುವಾಗ ಇದು ಸಾಧ್ಯವಿಲ್ಲ ಎಂದು ಆಯೋಗ ಉತ್ತರಿಸಿತು. ಯಂತ್ರ ಎಲ್ಲಿಂದ ಬಂತೆಂಬ ಪ್ರಕರಣದಲ್ಲಿ ಹರಿ ಪ್ರಸಾದ್ ಅದೇ ವರ್ಷ ಆಗಸ್ಟಿನಲ್ಲಿ ಬಂಧನಕ್ಕೂ ಒಳಗಾದರು. ಎರಡೂ ಕಡೆಯ ಮಾತಿನಲ್ಲಿ ಸತ್ಯವಿದೆ ಎಂದೇ ನನಗೆ ತೋರುತ್ತದೆ. ಯಂತ್ರವನ್ನು ಕಾಯುತ್ತಿದ್ದದ್ದು ಚಿಪ್‌ಗಿಂತ ಹೆಚ್ಚಾಗಿ ಮೊಹರು ಮತ್ತು ಮನುಷ್ಯರು.

ಮೇಲೆ ಹೇಳಿದ ಗಾಜಿನ ಪೆಟ್ಟಿಗೆ ಮತ್ತು ತಿಜೋರಿಯ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಮತಯಂತ್ರದ ಚಿಪ್ಪನ್ನು ಯಾರೂ ತಿದ್ದಬಾರದು ಎಂಬುದರಲ್ಲಿ ವಿವಾದವಿಲ್ಲ. ಆದರೆ ಸುಟ್ಟದ್ದು ಸರಿಯಾದ ಪ್ರೋಗ್ರಾಮೇ ಎಂದು ಯಾರು ಓದಿ ನೋಡಬೇಕು? ಆಟಿಕೆಯ ಅಥವಾ ಕ್ಷಿಪಣಿಯ ವಿಷಯದಲ್ಲಿ ತಯಾರಕನೊಬ್ಬನಿಗೆ ಗೊತ್ತಿದ್ದರೆ ಸಾಕು. ಮತದ ವಿಷಯದಲ್ಲಿ ಸೋತವನಿಗೂ ನಂಬಿಕೆ ಬರಬೇಕು. 2013ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಹಂತಹಂತವಾಗಿ ಬಂದ ವಿವಿಪ್ಯಾಟ್ ಚೀಟಿ ಈ ಕೊರತೆಗೆ ಒಂದು ಉತ್ತರ. ಚಿಪ್ ಏನು ಹೇಳುತ್ತದೆಂದು ಮತದಾರನಿಗೆ ಓದಲಾಗದು. ಆದರೆ ಏಳು ಸೆಕೆಂಡು ಕಾಣುವ ಚೀಟಿಯನ್ನು ಓದಬಹುದು, ಅದನ್ನು ಎಣಿಸಲೂಬಹುದು.

ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಕೋರಿಕೆಯನ್ನು 2024ರ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜೀವ್ ಖನ್ನಾ ಮತ್ತು ನ್ಯಾಯಮೂರ್ತಿ ದೀಪಂಕರ್ ದತ್ತಾ ಅವರ ಪೀಠ ತಿರಸ್ಕರಿಸಿತು. ಜೊತೆಗೆ ಒಂದು ಹೊಸ ಬಾಗಿಲು ತೆರೆಯಿತು. ಎರಡನೇ ಮತ್ತು ಮೂರನೇ ಸ್ಥಾನದ ಅಭ್ಯರ್ಥಿಗಳು ಫಲಿತಾಂಶ ಬಂದ ಏಳು ದಿನಗಳೊಳಗೆ ಅರ್ಜಿ ಹಾಕಿದರೆ, ಪ್ರತಿ ವಿಧಾನಸಭಾ ಕ್ಷೇತ್ರ ಭಾಗದಲ್ಲಿ ಶೇಕಡಾ 5ರಷ್ಟು ಯಂತ್ರಗಳ 'ಸುಟ್ಟ ಸ್ಮೃತಿ'ಯನ್ನು ತಯಾರಕ ಸಂಸ್ಥೆಯ ಎಂಜಿನಿಯರುಗಳು ಪರೀಕ್ಷಿಸಬೇಕು. ಖರ್ಚು ಅರ್ಜಿದಾರರದು, ಯಂತ್ರ ತಿದ್ದಿದ್ದು ಕಂಡುಬಂದರೆ ಹಣ ವಾಪಸ್. ನಂತರ ಆಯೋಗ ರೂಪಿಸಿದ ವಿಧಾನದಲ್ಲಿ ಯಂತ್ರದ ಮೇಲೆ ಅಣಕು ಮತದಾನ ನಡೆಸಿ ನೋಡುವುದಷ್ಟೇ ಇತ್ತು, ಸ್ಮೃತಿಯನ್ನೇ ಪರೀಕ್ಷಿಸುತ್ತಿಲ್ಲ ಎಂಬ ಆಕ್ಷೇಪ ಮತ್ತೆ ಕೋರ್ಟಿನ ಮುಂದೆ ಬಂತು. ಅಣಕು ಮತದಾನ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ತೋರಿಸುತ್ತದೆ. ಸ್ಮೃತಿಯನ್ನು ಓದಿದರೆ ಮಾತ್ರ ಅದರೊಳಗೆ ಏನಿದೆ ಎಂಬುದು ತಿಳಿಯುತ್ತದೆ. ಪ್ರಯೋಗಾಲಯದಲ್ಲಿ ಎಟಿ89ಸಿ51 ಹಿಡಿದು ಕುಳಿತ ವಿದ್ಯಾರ್ಥಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. 2025ರ ಫೆಬ್ರುವರಿಯಲ್ಲಿ ಕೋರ್ಟ್, ಪರೀಕ್ಷೆಯ ಹೆಸರಿನಲ್ಲಿ ಯಂತ್ರದಲ್ಲಿರುವ ದತ್ತಾಂಶವನ್ನು ಅಳಿಸಬೇಡಿ, ಹೊಸದನ್ನು ತುಂಬಲೂ ಬೇಡಿ ಎಂದು ಆಯೋಗಕ್ಕೆ ಸೂಚಿಸಿತು. ಮೇ ತಿಂಗಳಲ್ಲಿ ಪರಿಷ್ಕೃತ ವಿಧಾನಕ್ಕೆ ಒಪ್ಪಿಗೆ ದೊರೆಯಿತು. ಅದರಂತೆ ಸ್ಮೃತಿಯನ್ನು ಪರೀಕ್ಷಿಸಿ, ಅದು ತಿದ್ದಿದ್ದಲ್ಲ ಎಂದು ಪ್ರಮಾಣಪತ್ರ ಕೊಡುವವರು ಬಿಇಎಲ್ ಮತ್ತು ಇಸಿಐಎಲ್ ಎಂಜಿನಿಯರುಗಳು, ಅಂದರೆ ಅದನ್ನು ಸುಟ್ಟ ಸಂಸ್ಥೆಗಳವರೇ.